ಕರಡಿ ಸಿಗದವರ ಚೀಟಿಗಳು

ಸಿಂಗಾಪುರದ ತಂಜಾಂಗ್ ಪಗಾರ್‌ನಲ್ಲಿ, ಆಫೀಸಿನ ಹದಿನೇಳನೇ ಮಹಡಿಯಲ್ಲಿ ಕೂತು ಕರಡಿ ಎಣಿಸುವುದು ಭಾಗ್ಯಶ್ರೀಯ ಕೆಲಸ. ಕರಡಿಗಳಿರುವುದು ಅಮೆರಿಕದ ಉತ್ತರದ ಕಾಡಿನಲ್ಲಿ; ಅಲ್ಲಿನ ವನ್ಯಜೀವಿ ಇಲಾಖೆ ಲೆಕ್ಕಾಚಾರವನ್ನು ಇವಳ ಕಂಪನಿಗೆ ಒಪ್ಪಿಸಿತ್ತು. ಬಾಗಲಕೋಟೆಯ ಲಿಂಗಾಯತರ ಮನೆಮಗಳು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವಳು, ಬೆಳಗಿನಿಂದ ಸಂಜೆಯವರೆಗೆ ಬೇಟೆಗಾರರ ಚೀಟಿಗಳನ್ನು ಸ್ಕ್ರೀನಿನ ಮೇಲೆ ಓದಬೇಕು. ಹಣೆಬರಹ ಅಂದರೆ ಇದೇ ಇರಬೇಕು.

ಮೊದಲ ವಾರ ಅವಳಿಗೆ ಹೇಸಿಗೆಯೇ ಆಯಿತು. ಆದರೆ ಹುಡುಗಿಗೆ ಕುತೂಹಲ ಜಾಸ್ತಿ. ಕರಡಿ ಹೊಡೆದವನು ಅದರ ಒಂದು ಸಣ್ಣ ಹಲ್ಲು ಕಿತ್ತು, ಲಕೋಟೆಯಲ್ಲಿಟ್ಟು ಇಲಾಖೆಗೆ ಕಳಿಸಲೇಬೇಕು. ಗಂಡೋ ಹೆಣ್ಣೋ, ಎಲ್ಲಿ ಸಿಕ್ಕಿತು, ಎಷ್ಟು ದಿನ ಅಲೆದೆ ಎಂದು ಚೀಟಿಯಲ್ಲಿ ಬರೆಯಬೇಕು. ಹಲ್ಲಿನ ಬೇರನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮರದ ಕಾಂಡದಲ್ಲಿದ್ದಂತೆ ವರ್ಷಕ್ಕೊಂದು ಗೆರೆ. ತಾಯಿ ಮರಿ ಸಾಕಿದ ವರ್ಷ ಆ ಗೆರೆ ಸಣಕಲು. ಹದಿನಾಲ್ಕು ವರ್ಷದ ಒಂದು ಹೆಣ್ಣುಕರಡಿ ಐದು ಸಲ ಬಾಣಂತನ ಕಂಡಿತ್ತು ಎಂದು ಓದಿದ ದಿನ ಭಾಗ್ಯಶ್ರೀಗೆ ಊಟ ಸೇರಲಿಲ್ಲ. ಮರುದಿನ ಮೊದಲು ತೆರೆದದ್ದು ಮಾತ್ರ ಮತ್ತೆ ಹಲ್ಲುಗಳ ಫೈಲನ್ನೇ.

ಇನ್ನೊಂದು ಬಗೆಯ ಚೀಟಿಗಳೂ ಇದ್ದವು, ಕರಡಿ ಸಿಗಲಿಲ್ಲ ಎಂದು ಬರೆದವರದು. ಸಾವಿರದ ನೂರಕ್ಕೂ ಹೆಚ್ಚು. ಅವನ್ನು ಕಂಡರೆ ಅವಳಿಗೆ ಹಿಗ್ಗು. ಕೊಲ್ಲದವರ ಹೆಸರು ಕೊಂದವರ ಪಟ್ಟಿಯಲ್ಲಿ ಯಾಕಿರಬೇಕು ಎಂದು, ದೊಡ್ಡ ಪುಣ್ಯ ಕಟ್ಟಿಕೊಳ್ಳುವವಳ ಹಾಗೆ, ಅಷ್ಟನ್ನೂ ಲೆಕ್ಕದಿಂದ ತೆಗೆದು ಬೇರೆ ಫೈಲಿಗೆ ಸರಿಸಿದಳು. ಯಾರನ್ನೂ ಕೇಳಲಿಲ್ಲ. ಕರಡಿಗಳು ಚೆನ್ನಾಗಿ ಹೆಚ್ಚಿವೆ ಎಂದು ವರದಿ ಹೋಯಿತು. ಅದನ್ನು ನಂಬಿದ ಇಲಾಖೆ, ಮುಂದಿನ ವರ್ಷ ಇನ್ನೂ ಅರವತ್ತು ಕರಡಿ ಹೊಡೆಯಲು ಅನುಮತಿ ಕೊಡುವುದೆಂದು ಶುಕ್ರವಾರಕ್ಕೆ ಸಭೆ ಕರೆಯಿತು.

ಬುಧವಾರ ಮಧ್ಯಾಹ್ನ, ತೆಗೆದಿಟ್ಟ ಚೀಟಿಗಳನ್ನು ಸುಮ್ಮನೆ ನೋಡುತ್ತಿದ್ದಾಗ ಒಂದು ಕಣ್ಣಿಗೆ ಬಿತ್ತು. ಯಾರೋ ಮುದುಕನದಿರಬೇಕು, ನಡುಗುವ ಅಕ್ಷರ: ‘ಒಂಬತ್ತು ದಿನ ನಡೆದೆ. ಕರಡಿ ಇಲ್ಲ, ಹೆಜ್ಜೆ ಗುರುತೂ ಇಲ್ಲ. ದಯವಿಟ್ಟು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.’

ಏನೂ ಸಿಗದವನು ಅಂಚೆಯವರೆಗೆ ಹೋಗಿ ಯಾಕೆ ಇಷ್ಟು ಗೋಗರೆಯಬೇಕು? ಅವಳ ತಲೆಗೆ ಹುಳ ಬಿಟ್ಟಂತಾಯಿತು. ಟೀಮ್ ಲೀಡ್ ಶಿವರಾಮ್, ಮೈಸೂರಿನವರು, ಪ್ಯಾಂಟ್ರಿಯಲ್ಲಿ ಕಾಫಿ ಮಾಡಿಕೊಳ್ಳುತ್ತಿದ್ದರು. ನೇರ ಅಲ್ಲಿಗೇ ಹೋದಳು.

"ಶಿವರಾಮ್, ಕರಡಿ ಸಿಗದೇ ಇರೋರ ಡೇಟಾ ಯಾಕೆ ಬೇಕು?"

"ಅದೇ ಅಲ್ವಾ ಮೇನು? ಒಂದು ಕರಡಿ ಸಿಗೋಕೆ ಎಲ್ರೂ ಸೇರಿ ಎಷ್ಟು ದಿನ ಅಲೆದ್ರು ಅನ್ನೋದ್ರ ಮೇಲೆ ನಮ್ಮ ಎಸ್ಟಿಮೇಟ್ ನಿಂತಿರೋದು. ಖಾಲಿ ಕೈಲಿ ಬಂದೋರನ್ನ ಬಿಟ್ಟುಬಿಟ್ರೆ, ಹೋದೋರಿಗೆಲ್ಲ ಕರಡಿ ಸಿಕ್ಕಿದ ಹಾಗೆ ಕಾಣುತ್ತೆ." ಅವಳ ಮುಖ ನೋಡಿ ಚಮಚ ಕೆಳಗಿಟ್ಟರು. "ನೀನು ಅವನ್ನ ಲೆಕ್ಕದಿಂದ ತೆಗೆದಿಲ್ಲ ತಾನೇ?"

"ತೆಗೆದಿದೀನಿ. ಅಷ್ಟನ್ನೂ."

ಶಿವರಾಮ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಈಗಲೇ ಅವನ್ನ ಸೇರಿಸಿ ಲೆಕ್ಕ ರೀರನ್ ಮಾಡು. ಕ್ಲೈಂಟ್‌ಗೂ ನೀನೇ ಮೇಲ್ ಹಾಕು. ನಾನು ಹಾಕಿದ್ರೆ ಸಿಸ್ಟಮ್ ಎರರ್ ಅಂತ ಬರೆದುಬಿಡ್ತೀನಿ," ಎಂದರು.

ಸಾವಿರದ ನೂರು ಚೀಟಿಗಳು ವಾಪಸು ಬಂದವು. ಲೆಕ್ಕ ಮಗುಚಿಬಿತ್ತು. ಕರಡಿಗಳು ಹೆಚ್ಚಿರಲಿಲ್ಲ, ಕಡಿಮೆಯಾಗಿದ್ದವು. ತೆಗೆದಿದ್ದ ಚೀಟಿಗಳನ್ನು ಮತ್ತೆ ಸೇರಿಸಿದೆ ಎಂದಷ್ಟೇ ಬರೆದು, ಭಾಗ್ಯಶ್ರೀ ಹೊಸ ಲೆಕ್ಕವನ್ನು ಅಂದೇ ಇಲಾಖೆಗೆ ಕಳಿಸಿದಳು. ಬೇಟೆಗಾರರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದಳು. ಅವರು ಮಾತ್ರ ಉಪ್ಪು ಖಾರ ಹಚ್ಚದೆ ನಿಜ ಬರೆದು ಕಳಿಸಿದ್ದರು.

ಶನಿವಾರ ಬೆಳಿಗ್ಗೆ, ಕ್ಲೆಮೆಂಟಿ ಬಡಾವಣೆಯ ತನ್ನ ರೂಮಿನಲ್ಲಿದ್ದಾಗ, ಇಲಾಖೆಯ ಉತ್ತರ ಬಂತು: ಅನುಮತಿ ಹೆಚ್ಚಿಸುವ ಪ್ರಸ್ತಾಪವನ್ನು ಕೈಬಿಡಲಾಗಿದೆ. ಕೆಳಗೆ ಒಂದು ಪ್ರಶ್ನೆ, ಕಡತಕ್ಕೆ ಬೇಕಂತೆ: ಆ ಚೀಟಿಗಳನ್ನು ತೆಗೆದದ್ದೇಕೆ?

ಅವಳು ಮೊದಲು ‘ತಾಂತ್ರಿಕ ದೋಷ’ ಎಂದು ಬರೆದಳು. ಅದನ್ನು ಅಳಿಸಿದಳು. ಆಮೇಲೆ ಹೀಗೆ ಬರೆದು ಕಳಿಸಿದಳು: ‘ಅವರು ಯಾವ ಕರಡಿಯನ್ನೂ ಕೊಂದಿರಲಿಲ್ಲ, ಅದಕ್ಕೇ ತೆಗೆದೆ. ಅವರಲ್ಲೊಬ್ಬರು ಬರೆದದ್ದನ್ನು ಓದದಿದ್ದರೆ, ನಾನು ಅರವತ್ತನ್ನು ಕೊಂದಿರುತ್ತಿದ್ದೆ.’