ಮುನಿಆಂಜಿನಪ್ಪ ನೋಡದ ಬೀಗ

2014ರ ಜೂನ್ ಹನ್ನೊಂದು, ಬುಧವಾರ, ಬಾಗಲಗುಂಟೆಯ ಮೆಹಬೂಬ್ ಬೀ ಅವರ ಮನೆಗೆ ಬೀಗ ಹಾಕಿತ್ತು ಎಂದು ಖಾಸಗಿ ಟೆಲಿಫೋನ್ ಕಂಪನಿಯೊಂದರ ದಾಖಲೆಯಲ್ಲಿದೆ. ಜೂನ್ ಹದಿನಾರು, ಸೋಮವಾರವೂ ಬೀಗ ಹಾಕಿತ್ತು ಎಂದಿದೆ. ಎರಡೂ ದಿನ ಆ ಮನೆಯಲ್ಲಿ ಮೂರು ಜನ ಇದ್ದರು. ಬೀಗ ನೋಡಿದ್ದಾಗಿ ಎರಡೂ ಕಾರ್ಡುಗಳಲ್ಲಿ ಸಹಿ ಇರುವುದು ಲೈನ್‌ಮನ್ ಮುನಿಆಂಜಿನಪ್ಪನವರದು. ಅವರು ಆ ಎರಡು ದಿನವೂ ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಬೆಳಗಿನ ಐದೂಕಾಲು. ಹೆಸರಘಟ್ಟ ರಸ್ತೆಯಲ್ಲಿ ಹಾಲಿನ ವ್ಯಾನು ಬಿಟ್ಟರೆ ಇನ್ನೂ ಏನೂ ಓಡಾಡುತ್ತಿಲ್ಲ. ನಲವತ್ತಾರರ ಮುನಿಆಂಜಿನಪ್ಪ ಬಿದಿರೇಣಿಯನ್ನು ಕಂಬಕ್ಕೆ ಆನಿಸಿ ಮೇಲೆ ಹತ್ತಿದ್ದಾರೆ. ಹೆಗಲಲ್ಲಿ ಕಪ್ಪು ವೈರಿನ ಸುರುಳಿ, ಬಾಯಲ್ಲಿ ಕಟಿಂಗ್ ಪ್ಲೇಯರು. ರಸ್ತೆಯಾಚೆ ಅವರ ಹೆಂಡತಿ ಯಶೋಧಾ ಉದ್ದ ಬಿದಿರಿನ ತುದಿಗೆ ವೈರು ಸಿಕ್ಕಿಸಿಕೊಂಡು ಎತ್ತಿ ಹಿಡಿದು ನಿಂತಿದ್ದಾರೆ. ರಸ್ತೆ ದಾಟುವ ವೈರನ್ನು ಒಬ್ಬರೇ ಎಳೆಯಲಾಗದು. ಒಂದು ಗೇಣು ಜೋತರೂ ಮೊದಲ ಲಾರಿಯೇ ಅದನ್ನು ಎಳೆದುಕೊಂಡು ಹೋಗುತ್ತದೆ.

"ಎತ್ತಮ್ಮಿ ಮ್ಯಾಕೆ! ಬಸ್ ಬತ್ತೈತೆ!"

"ಎತ್ತಿದೀನಿ ಕಣಯ್ಯೋ. ನಂದೇನ್ ಕೈಯಾ, ಕರೆಂಟ್ ಕಂಬಾನಾ?"

ಬಸ್ಸು ಕೆಳಗೆ ಹಾದುಹೋಗುತ್ತದೆ. ಯಶೋಧಾ ಏಳೂವರೆಗೆ ಪೀಣ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಇರಬೇಕು. ಅದಕ್ಕೆ ಮೊದಲು ಎರಡು ಗಂಟೆ ಇಲ್ಲಿ ಬಿದಿರು ಹಿಡಿಯುತ್ತಾರೆ. ಕಂಪನಿ ಸಹಾಯಕರನ್ನು ಕೊಡುವುದನ್ನು ನಿಲ್ಲಿಸಿ ಆರು ವರ್ಷವಾಯಿತು. ವೈರು ಮಾತ್ರ ರಸ್ತೆ ದಾಟುತ್ತಲೇ ಇದೆ. ಹೇಗೆ ದಾಟುತ್ತದೆ ಎಂದು ಕಂಪನಿಯಲ್ಲಿ ಒಬ್ಬರೂ ಕೇಳಿಲ್ಲ.

ಮುನಿಆಂಜಿನಪ್ಪನವರದು ಶಿಫ್ಟಿಂಗ್ ಕೆಲಸ. ಮನೆ ಬದಲಾಯಿಸಿದವರ ಫೋನನ್ನೂ ಇಂಟರ್ನೆಟ್ಟನ್ನೂ ಹಳೆಯ ಮನೆಯಿಂದ ಬಿಚ್ಚಿ ಹೊಸ ಮನೆಗೆ ತಂದು ಕಟ್ಟುವುದು. ಈ ಊರಿನಲ್ಲಿ ಬಾಡಿಗೆಯ ಕರಾರು ಹನ್ನೊಂದು ತಿಂಗಳದ್ದು. ಹನ್ನೆರಡನೇ ತಿಂಗಳು ಯಾರು ಎಲ್ಲಿರುತ್ತಾರೋ ಮಾಲೀಕನಿಗೇ ಗೊತ್ತು. ಹಾಗಾಗಿ ಶೆಟ್ಟಿಹಳ್ಳಿ, ಬಾಗಲಗುಂಟೆ, ದಾಸರಹಳ್ಳಿ, ಯಶವಂತಪುರ ಸೇರಿ ದಿನಕ್ಕೆ ಏಳೆಂಟು ಮನೆ, ಹದಿನೈದು ಕಂಬ, ಒಮ್ಮೊಮ್ಮೆ ನಾನೂರು ಮೀಟರು ವೈರು. ಆಷಾಢ ಹುಟ್ಟುವ ಮುಂಚಿನ ಎರಡು ವಾರ ಅವರಿಗೆ ಊಟಕ್ಕೂ ಬಿಡುವಿಲ್ಲ. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ, ಆದ್ದರಿಂದ ಎಲ್ಲರಿಗೂ ಅದರ ಹಿಂದಿನ ದಿನವೇ ಬೇಕು.

"ಒಸ ಮನೇಲಿ ಆಲ್ ಉಕ್ಕೋಕ್ ಮುಂಚೆ ನೆಟ್ ಬರ್ಬೇಕು ಅಂತಾರೆ. ಒಲೆ ಅಚ್ಚೋರು ಇನ್ನೂ ಬಂದಿರಲ್ಲ, ನಾನ್ ಬಂದಿರ್ಬೇಕು," ಎಂದು ನಗುತ್ತಾರೆ.

ಅವರು ಶೆಟ್ಟಿಹಳ್ಳಿಯ ಹಳೆಯ ಮನೆತನದವರು. ಓದಿದ್ದು ಏಳನೇ ಕ್ಲಾಸು. ತೊಂಬತ್ತೇಳರಲ್ಲಿ ಕೇಬಲ್ಲಿಗೆ ಗುಂಡಿ ತೋಡಲು ಕೂಲಿಗೆ ಹೋದವರು, ಜಾಯಿಂಟ್ ಹಾಕುವವರ ಪಕ್ಕ ಕೂತು ನೋಡಿಯೇ ಕೆಲಸ ಕಲಿತರು. ಯಾವ ಮೋರಿಯ ಕೆಳಗೆ ಯಾವ ಕೇಬಲ್ಲು ಹೋಗಿದೆ, ಯಾವ ಕಂಬದ ಡಬ್ಬಿಗೆ ಮಳೆನೀರು ಇಳಿಯುತ್ತದೆ, ಯಾವ ಹೊಂಗೆಮರದ ಕಾಗೆ ಗೂಡು ಕಟ್ಟಲು ವೈರು ಕಿತ್ತೊಯ್ಯುತ್ತದೆ, ಎಲ್ಲ ಅವರ ತಲೆಯಲ್ಲಿದೆ. ಕಂಪನಿಯ ನಕ್ಷೆಯಲ್ಲಿ ಇದರ ಅರ್ಧವೂ ಇಲ್ಲ.

2009ರಲ್ಲಿ ಯಶವಂತಪುರದ ಕಾಂಪೌಂಡೊಂದರಿಂದ ಬಿದ್ದು ಹಿಮ್ಮಡಿಯ ಮೂಳೆ ಮುರಿಯಿತು. ನಾಲ್ಕು ತಿಂಗಳು ಮನೆ. ಆಗ ಕಂಪನಿ ಹೇಳಿದ್ದು ಒಂದೇ ಮಾತು: ಈತ ನಮ್ಮ ನೌಕರನಲ್ಲ, ಗುತ್ತಿಗೆದಾರನ ಆಳು. ಗುತ್ತಿಗೆದಾರ ಹೇಳಿದ: ನನ್ನ ಗುತ್ತಿಗೆ ಮಾರ್ಚಿಗೇ ಮುಗಿದಿದೆ. ಬಿದ್ದಾಗ ಯಾರಿಗೂ ಬೇಡವಾದ ಮನುಷ್ಯ, ಐದು ವರ್ಷದ ನಂತರ, ಇಲ್ಲದ ಬೀಗವನ್ನು ನೋಡಲು ಮಾತ್ರ ಕಂಪನಿಗೆ ಬೇಕಾದರು.

ಅದು ಹೇಗಾಯಿತು ಎಂಬುದಕ್ಕೆ ಒಂದು ಪದ್ಧತಿ ತಿಳಿದಿರಬೇಕು. ಪ್ರತಿ ಕೆಲಸಕ್ಕೂ ಒಂದು ಜಾಬ್ ಕಾರ್ಡು. ಇಂಗ್ಲಿಷಿನಲ್ಲಿ ಅಚ್ಚಾದದ್ದು. ಕೆಲಸ ಆಯಿತು, ಆಗಲಿಲ್ಲ, ಯಾಕೆ ಆಗಲಿಲ್ಲ ಎಂದು ಗುರುತು ಹಾಕಿ ಲೈನ್‌ಮನ್ ಸಹಿ ಮಾಡಿ ಅಂದೇ ಸಂಜೆ ಆರಕ್ಕೆ ಆಫೀಸಿಗೆ ಕೊಡಬೇಕು. ಸಂಜೆ ಆರಕ್ಕೆ ಮುನಿಆಂಜಿನಪ್ಪ ಯಾವುದೋ ತಾರಸಿಯ ಮೇಲಿರುತ್ತಾರೆ. ಅದಕ್ಕೇ ಸೂಪರ್‌ವೈಸರ್ ಶಿವರಾಮ್ ದಾರಿ ತೋರಿಸಿದರು: ಸೋಮವಾರ ಬೆಳಿಗ್ಗೆ ಬಂದು ವಾರಕ್ಕಾಗುವಷ್ಟು ಖಾಲಿ ಕಾರ್ಡಿಗೆ ಸಹಿ ಹಾಕಿಬಿಡು, ಸಂಜೆ ಫೋನಿನಲ್ಲಿ ಹೇಳು, ನಾನು ತುಂಬಿಕೊಳ್ಳುತ್ತೇನೆ. ಮೂರು ವರ್ಷ ಹಾಗೇ ನಡೆಯಿತು. ಒಂದು ಸೋಮವಾರವೂ ತಪ್ಪದೆ ಐವತ್ತು ಕಾರ್ಡಿಗೆ, ತಮ್ಮ ಹೆಸರಿನ ಆರೂ ಅಕ್ಷರ ಬಿಡದೆ, ಕನ್ನಡದಲ್ಲಿ ಸಹಿ ಹಾಕಿ ಕೊಟ್ಟಿದ್ದಾರೆ.

ಶಿಫ್ಟಿಂಗಿಗೆ ಕಂಪನಿಯಲ್ಲಿ ಬೆಲೆಯಿಲ್ಲ. ಹೊಸ ಕನೆಕ್ಷನ್ ಕೊಟ್ಟರೆ ಶಿವರಾಮ್ ಅವರ ಟಾರ್ಗೆಟ್ಟಿನಲ್ಲಿ ಒಂದು ಏರುತ್ತದೆ. ಹಳೆಯದನ್ನು ಹೊತ್ತು ತಂದು ಕಟ್ಟಿದರೆ ಸೊನ್ನೆ. ಮೂರು ಸಲ "ಮನೆಗೆ ಬೀಗ" ಎಂದು ಕಾರ್ಡು ಬಂದರೆ ಶಿಫ್ಟಿಂಗ್ ಅರ್ಜಿ ತಾನಾಗಿ ರದ್ದಾಗುತ್ತದೆ, ಹಳೆಯ ನಂಬರು ಹೋಗುತ್ತದೆ, ಬೇಸತ್ತ ಗಿರಾಕಿ ಹೊಸ ಕರಾರಿಗೆ ಸಹಿ ಹಾಕುತ್ತಾನೆ. ಬೀಗ ತಯಾರಿಸುವ ಕಾರ್ಖಾನೆ ಇದು. ಸಹಿ ಮೊದಲೇ ಬಿದ್ದಿರುವ ಖಾಲಿ ಕಾರ್ಡೇ ಇದರ ಕಚ್ಚಾ ಮಾಲು.

ಮೆಹಬೂಬ್ ಬೀ ಅವರಿಗೆ ಅರವತ್ತೆರಡು. ಮುಸಲ್ಮಾನರಲ್ಲಿ ಹೆಂಗಸು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸುವವರು ಹೆಂಗಸರೇ ಆಗಬೇಕು. ಯಶವಂತಪುರದ ಸುತ್ತಿನ ನಾಲ್ಕು ಮೊಹಲ್ಲಾಗಳಲ್ಲಿ ಆ ಕೆಲಸಕ್ಕೆ ಕರೆಯುವುದು ಇವರನ್ನೇ. ಹತ್ತು ವರ್ಷದಿಂದ ಇವರ ಮನೆಯ ಲ್ಯಾಂಡ್‌ಲೈನ್ ನಂಬರು ಮಸೀದಿಯಲ್ಲಿ ಹೆಣ ಹೊರುವ ಜನಾಜಾದ ಮಂಚ ಇಡುವ ಕೋಣೆಯ ಗೋಡೆಯ ಮೇಲೆ ಹಸಿರು ಪೇಂಟಿನಲ್ಲಿದೆ. ಮನೆಯಲ್ಲಿ ಮೊಬೈಲು ಒಂದೇ, ಅದನ್ನು ಮಗ ಕೆಲಸಕ್ಕೆ ಒಯ್ಯುತ್ತಾನೆ. ಇಂಟರ್ನೆಟ್ಟು ಮೊಮ್ಮಗಳ ಓದಿಗೆಂದು ಅದೇ ಕರಾರಿನಲ್ಲಿ ಸೇರಿಕೊಂಡದ್ದು.

ಯಶವಂತಪುರದ ಬಾಡಿಗೆ ಮನೆಯನ್ನು ಮಾಲೀಕರು ಕೆಡವಿ ಮೂರಂತಸ್ತು ಎಬ್ಬಿಸುತ್ತೇವೆಂದರು. ಜೂನ್ ಒಂದರಂದು ಇವರು ಬಾಗಲಗುಂಟೆಗೆ ಬಂದರು. ಮೂರು ದಿನ ಮೊದಲೇ ಶಿಫ್ಟಿಂಗ್ ಅರ್ಜಿ ಕೊಟ್ಟಾಗಿತ್ತು. ಎರಡೂ ಮನೆ ಒಂದೇ ವಲಯ, ನಂಬರು ಬದಲಾಗದು ಎಂದು ಕಂಪನಿಯೇ ಬರೆದುಕೊಟ್ಟಿತ್ತು. ಫೋನು ಬಾಗಲಗುಂಟೆಗೆ ಬರಲಿಲ್ಲ. ಬಿಲ್ಲು ಬಂತು, ಹೊಸ ವಿಳಾಸಕ್ಕೇ, ಒಂದು ದಿನವೂ ತಡವಾಗದೆ.

ಜೂನ್ ಹದಿನೇಳರ ನಸುಕಿನಲ್ಲಿ ಯಶವಂತಪುರದ ಮಾರ್ಕೆಟ್ ಯಾರ್ಡಿನ ಹಮಾಲಿ ಹಬೀಬುಲ್ಲಾ ಅವರ ತಾಯಿ ತೀರಿಕೊಂಡರು. ಗೋಡೆಯ ಮೇಲಿನ ನಂಬರಿಗೆ ಹಬೀಬುಲ್ಲಾ ಏಳು ಸಲ ಫೋನು ಮಾಡಿದರು. ಸತ್ತ ಲೈನು. ಹಳೆಯ ಮನೆಗೆ ಓಡಿದರೆ ಅಲ್ಲಿದ್ದದ್ದು ಪಾಯದ ಗುಂಡಿ. ಯಾರು ಯಾರನ್ನೋ ಕೇಳಿ ಬಾಗಲಗುಂಟೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಮೂರು.

"ನನ್ ಮನೆಗೆ ಬೀಗ ಅಂತೆ. ಅಲ್ಲಿ ಒಂದ್ ಮೈಯತ್ತು ಬೆಳಿಗ್ಗೆಯಿಂದ ನಾಲ್ಕ್ ಚೊಂಬು ನೀರಿಗೆ ಕಾಯ್ತಾ ಮಲಗಿತ್ತು," ಎನ್ನುತ್ತಾರೆ ಮೆಹಬೂಬ್ ಬೀ. "ಆ ಮಗನ್ ಮುಖ ಹೆಂಗೆ ನೋಡ್ಲಿ ನಾನು?"

ಅವರು ಸುಮ್ಮನೆ ಕೂರಲಿಲ್ಲ. ಕಸ್ಟಮರ್ ಕೇರಿಗೆ ಪಕ್ಕದ ಮನೆಯ ಫೋನಿನಿಂದ ಐವತ್ತು ನಿಮಿಷ ಮಾತಾಡಿ, ಬೀಗ ನೋಡಿದವನ ಹೆಸರು ಕೇಳಿ ತಿಳಿದುಕೊಂಡರು. ಜೂನ್ ಹತ್ತೊಂಬತ್ತು, ಗುರುವಾರ, ಎರಡು ಬೀದಿ ಆಚೆ ಕಂಬದ ಮೇಲೆ ಒಬ್ಬ ಕೆಲಸ ಮಾಡುತ್ತಿದ್ದಾನೆಂದು ಕೇಳಿ ನಡೆದುಹೋದರು. ಏಣಿಯ ಬುಡದಲ್ಲಿ ನಿಂತು ತಲೆ ಎತ್ತಿದರು.

"ಏನಪ್ಪಾ, ನೀನೇನಾ ಮುನಿಆಂಜಿನಪ್ಪ?"

"ಊ ಕಣಮ್ಮ. ಏನಾಗ್ಬೇಕಿತ್ತು?"

"ನನ್ ಮನೆ ಬೀಗ ನೋಡಿದೀಯಂತೆ, ಎರಡೆರಡು ಸಲ. ಎಷ್ಟ್ ದೊಡ್ಡದಿತ್ತಪ್ಪಾ? ಹಿತ್ತಾಳೇದೋ ಕಬ್ಣದ್ದೋ? ನಾನೂ ನೋಡ್ಬೇಕಲ್ಲ ಒಂದ್ಸಲ."

ಬೀದಿಯ ಜನ ನಕ್ಕರು. ಮುನಿಆಂಜಿನಪ್ಪ ಕೆಳಗಿಳಿದರು. ಆಕೆ ಹಬೀಬುಲ್ಲಾ ಅವರ ತಾಯಿಯ ವಿಷಯ ಹೇಳಿದರು.

"ಸೈನ್ ನಂದೇ ಇರ್ಬೋದಮ್ಮ. ನಾನ್ ಈ ಕಡೀಕೇ ಬಂದಿಲ್ಲ. ಬೀಗ ನಾನ್ ನೋಡಿಲ್ಲ."

"ಸೈನ್ ನಿಂದು. ಕಣ್ಣು ಯಾರ್ದು?"

"ಕಳ್ಳ ಅಂದಿದ್ರೆ ಜಗಳಾನಾದ್ರೂ ಆಡ್ಬೋದಿತ್ತು. ಆಯಮ್ಮ ಕೇಳಿದ್ದು ಸರ್ಯಾಗೇ ಇತ್ತು," ಎಂದು ಮುನಿಆಂಜಿನಪ್ಪ ಈಗ ಹೇಳುತ್ತಾರೆ.

ಮಾರನೆಯ ದಿನ ಆಫೀಸಿಗೆ ಹೋಗಿ ಎರಡೂ ಕಾರ್ಡು ತೋರಿಸಿ ಎಂದರು. ಶಿವರಾಮ್ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ ವಿಷಯ ಎಂದೇ ಅವರಿಗೆ ಅನಿಸಿರಲಿಲ್ಲ.

"ಯಾರ್ ಬರೆದ್ರೇನ್ ಮುನಿಯಣ್ಣ, ಸೈನ್ ನಿಂದೇ ತಾನೆ? ತಿಂಗಳಿಗೆ ನಲವತ್ತು ಹೊಸ ಕನೆಕ್ಷನ್ ಆಗ್ಲಿಲ್ಲ ಅಂದ್ರೆ ಮೇಲಿನೋರು ನನ್ ಕುತ್ತಿಗೆ ಹಿಡೀತಾರೆ. ಇನ್ನೊಂದ್ ಬೀಗ, ಸೋಮವಾರದ್ದು. ಅದ್ ಬಿತ್ತು ಅಂದ್ರೆ ಅರ್ಜಿ ಕ್ಲೋಸು. ಅಜ್ಜಿಗೆ ಹೊಸ ನಂಬರ್ ಕೊಟ್ರಾಯ್ತಪ್ಪ, ನಂಬರಲ್ಲೇನಿದೆ?"

ಡ್ರಾಯರಿನಲ್ಲಿ ಮುನಿಆಂಜಿನಪ್ಪನವರ ಸಹಿ ಇದ್ದ ಖಾಲಿ ಕಾರ್ಡುಗಳು ಇನ್ನೂ ಹನ್ನೆರಡು ಉಳಿದಿದ್ದವು. ಅವರು ಅಷ್ಟನ್ನೂ ಎತ್ತಿ ಜೇಬಿಗೆ ಹಾಕಿಕೊಂಡು ಹೊರಬಂದರು. ಹದಿನೇಳು ವರ್ಷದ ಕೆಲಸದಲ್ಲಿ ಆಫೀಸಿನಿಂದ ಅವರು ಹೇಳದೆ ತೆಗೆದುಕೊಂಡದ್ದು ಇಷ್ಟೇ. ಮನೆಗೆ ಹೋಗಿ ಬಚ್ಚಲ ಒಲೆಗೆ ಹಾಕಿದರು. ಎಷ್ಟು ಮನೆಗಳಿಗೆ ಗಂಡನ ಹೆಸರಿನಲ್ಲಿ ಬೀಗ ಬಿದ್ದಿದೆಯೋ ಎಂದು ಆ ರಾತ್ರಿ ಯಶೋಧಾ ಕೇಳಿದರಂತೆ. ಮೂರು ವರ್ಷದ ಸೋಮವಾರಗಳನ್ನು ಈಗ ಯಾರು ತಿರುಗಿಸಿ ನೋಡುತ್ತಾರೆ?

ನಿಮಗೇನು ಬೇಕು ಎಂದು ಕೇಳಿದರೆ ಮುನಿಆಂಜಿನಪ್ಪ ಪೆನ್ಷನ್ನೂ ಕೇಳುವುದಿಲ್ಲ, ಇನ್ಶೂರೆನ್ಸೂ ಕೇಳುವುದಿಲ್ಲ. ಕೇಳಬೇಕಿತ್ತು. "ಕಾರ್ಡು ಕನ್ನಡದಾಗೆ ಕೊಡ್ಲಿ ಸಾಕು. ಯಾತಕ್ಕೆ ಸೈನ್ ಆಕ್ತಾ ಇವ್ನಿ ಅಂತ ಓದ್ಕೊಂಡ್ ಆಕ್ತೀನಿ," ಎನ್ನುತ್ತಾರೆ.

ಜೂನ್ ಇಪ್ಪತ್ತಮೂರು, ಸೋಮವಾರ. ಬೆಳಕು ಹರಿಯುವ ಮುನ್ನವೇ ಗಂಡ ಹೆಂಡತಿ ಬಾಗಲಗುಂಟೆಯಲ್ಲಿದ್ದಾರೆ. ಮೂರು ಕಂಬ, ಒಂದು ತೆಂಗಿನಮರ, ಎರಡು ತಾರಸಿ ದಾಟಿ ವೈರು ಮೆಹಬೂಬ್ ಬೀ ಅವರ ಕಿಟಕಿಗೆ ಬಂದಿದೆ. ಆರೂವರೆಗೆ ಹಳೆಯ ಫೋನನ್ನು ಜೋಡಿಸಿಯೂ ಆಯಿತು. ಇನ್ನು ಜೀವ ಬರಬೇಕಾದದ್ದು ಆಫೀಸಿನಿಂದ. ಕೆಲಸ ಆಯಿತು ಎಂಬ ಕಾರ್ಡು ಹೋದರೆ ಹಳೆಯ ನಂಬರು ಇಲ್ಲಿ ಮಾತಾಡುತ್ತದೆ. ಬೀಗ ಎಂಬ ಕಾರ್ಡು ಹೋದರೆ ಆ ನಂಬರು ಮುಗಿಯಿತು.

ಏಳಕ್ಕೆ ಶಿವರಾಮ್ ಬೈಕಿನಲ್ಲಿ ಬರುತ್ತಾರೆ. ಕೈಯಲ್ಲಿ ಮೂರನೇ ಕಾರ್ಡಿದೆ. ಬೀಗದ ಜಾಗದಲ್ಲಿ ಆಗಲೇ ಗುರುತು ಬಿದ್ದಿದೆ, ಸಹಿಯ ಜಾಗ ಮಾತ್ರ ಖಾಲಿ. ಮೆಹಬೂಬ್ ಬೀ ಬಾಗಿಲಲ್ಲೇ ಚಹದ ಲೋಟ ಹಿಡಿದು ನಿಂತಿದ್ದಾರೆ. ಶಿವರಾಮ್ ಆಕೆಯ ಕಡೆ ತಿರುಗುವುದಿಲ್ಲ.

"ಏನ್ ಮುನಿಯಣ್ಣ, ಸಮಾಜ ಸೇವೆ ಜೋರಾ? ವೈರ್ ಇಳ್ಸು. ಇದಕ್ಕೊಂದ್ ಸೈನ್ ಹಾಕು, ಮುಗೀತು."

"ವೈರು ಕಟ್ಟಿ ಆಗೋಗೈತೆ ಸಾರ್."

"ಗುರು, ಈ ಏರಿಯಾಗೆ ಬರ್ತೀವಿ ಅಂತ ಹತ್ತು ಜನ ಲೈನಲ್ಲಿ ನಿಂತಿದಾರೆ. ನಾಳೆಯಿಂದ ಏಣಿ ಎತ್ಕೊಂಡ್ ಎಲ್ಲಿಗ್ ಹೋಗ್ತೀಯ? ಅಕ್ಕಾ, ನೀವಾದ್ರೂ ಹೇಳಿ."

ಯಶೋಧಾ ಬಿದಿರನ್ನು ಗೋಡೆಗೆ ಒರಗಿಸುತ್ತಾರೆ. "ನಾನ್ ನಿಮ್ ಕಂಪನಿಯೋಳಲ್ಲಪ್ಪ, ನನ್ನ್ಯಾಕ್ ಕೇಳ್ತೀಯ?"

ಶಿವರಾಮ್ ಕಾರ್ಡನ್ನೂ ಪೆನ್ನನ್ನೂ ಮುಂದೆ ಚಾಚುತ್ತಾರೆ. ಮುನಿಆಂಜಿನಪ್ಪ ಕಾರ್ಡನ್ನು ತೆಗೆದುಕೊಂಡು, ಓದಲು ಬಾರದ ಇಂಗ್ಲಿಷಿನ ಮೇಲೆ ಬೆರಳಾಡಿಸಿ, ಗುರುತು ಬಿದ್ದ ಜಾಗದಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಕಾರ್ಡನ್ನು ವಾಪಸು ಶಿವರಾಮ್ ಕೈಗೇ ಇಡುತ್ತಾರೆ. ಪೆನ್ನು ಮುಟ್ಟುವುದಿಲ್ಲ.

"ಬಾಗ್ಲು ತೆಗ್ದೈತೆ ಸಾರ್. ನಿಮ್ಗೆ ಬೀಗ ಕಾಣ್ಸಿದ್ರೆ ನಿಮ್ಮೆಸ್ರಾಕಿ ನೀವೇ ಬರ್ಕಳಿ. ನಾನ್ ಆಕಾಕಿಲ್ಲ."