ಗಡ್ಡದ ಲಕ್ಷ್ಮಿ

ದಂಡಿನಶಿವರದ ಹತ್ತಿರ ನನ್ನ ಅತ್ತೆಮನೆ. ಅಲ್ಲಿಯ ದೇವರ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿ ಪದಕವಿತ್ತು. ಹಿಂದೆ ಇಂಗ್ಲೆಂಡಿನ ಯುವರಾಜ ಮೈಸೂರಿಗೆ ಬಂದಿದ್ದಾಗ, ಅರಮನೆಯ ಕುದುರೆಲಾಯದಲ್ಲಿದ್ದ ನನ್ನ ಗಂಡನ ತಾತನಿಗೆ ಕೊಟ್ಟದ್ದಂತೆ. ಒಂದು ಕಡೆ ಯುವರಾಜನ ಗಡ್ಡಮೀಸೆಯ ಮುಖ, ಇನ್ನೊಂದು ಕಡೆ ಅಕ್ಷರ. ತಾತ ಸತ್ತ ಮೇಲೆ ಅದು ಲಕ್ಷ್ಮಿಯಾಯಿತು. ಬೆಳ್ಳಿ ತಾನೆ! ಶುಕ್ರವಾರ ಅಕ್ಕಿಯ ಮೇಲಿಟ್ಟು, ಅರಿಶಿನ ಕುಂಕುಮ ಮೆತ್ತಿ ಪೂಜೆ ಮಾಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ನಾನು ಹಂದನಕೆರೆಯ ತವರಲ್ಲಿ ಬಾಣಂತನ ಮುಗಿಸಿಕೊಂಡು ಬಂದಿದ್ದೆ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಭಾವ, ನನ್ನ ಗಂಡನ ಅಣ್ಣ, ಸ್ನೇಹಿತರಿಗೆ ತೋರಿಸಲೆಂದು ಪದಕದ ಕುಂಕುಮ ಒರೆಸಿದರು. ಮುಖವೇ ಇಲ್ಲ!

ಭಾವ ನನ್ನೊಡನೆ ನೇರವಾಗಿ ಮಾತಾಡುವ ಪದ್ಧತಿಯಿರಲಿಲ್ಲ. ಕಂಬದ ಕಡೆ ತಿರುಗಿ ಹೇಳಿದರು: “ಇದು ನಮ್ದಲ್ಲ. ಬದ್ಲಾಯ್ಸವ್ರೆ. ಪೆಟ್ಗೆ ಬೀಗದ ಕೈ ಯಾರ ಸೊಂಟದಲ್ಲೈತೋ ಅವ್ರನ್ನ ಕೇಳ್ಬೇಕು.”

ಬೀಗದ ಕೈ ನನ್ನ ಸೊಂಟದಲ್ಲಿತ್ತು. ಮೈಯೆಲ್ಲ ಉರಿದುಹೋಯಿತು. “ಹಿಂದುಗಡೆ ಅಕ್ಷರ ಹಂಗೇ ಐತಲ್ಲ” ಎಂದೆ.

“ಅಕ್ಷರ ಯಾವ ಅಕ್ಕಸಾಲಿ ಬೇಕಾದ್ರೂ ಕೊರೀತಾನೆ” ಎಂದು ಮತ್ತೆ ಕಂಬಕ್ಕೇ ಉತ್ತರ.

ಬೀಗದ ಕೈ ಅತ್ತೆಯ ಸೊಂಟಕ್ಕೆ ಹೋಯಿತು. ತೋಟಕ್ಕೆ ಹೊರಟ ನನ್ನ ಗಂಡ ಹತ್ತಿರ ಬಂದು, “ನಿಜ ಹೇಳೇ, ನಿಮ್ಮಪ್ಪಂಗೆ ಕೊಟ್ಯಾ?” ಎಂದರು. ಅಯ್ಯೋ ನನ್ನ ಕರ್ಮವೇ! ಭಾವನ ಮಾತಿಗಿಂತ ಅದು ಸುಟ್ಟಿತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನಗೂ ಆ ರೋಗ ಅಂಟಿತು. ಭಾವನೇ ಬದಲಾಯಿಸಿ ನನ್ನ ಮೇಲೆ ಹಾಕಿದರೇ? ಅತ್ತೆ ಯಾಕೆ ಬಾಯಿ ಬಿಡುತ್ತಿಲ್ಲ?

ವರಮಹಾಲಕ್ಷ್ಮಿ ಹಬ್ಬಕ್ಕೆ ಭಾವನೂ ಬಂದಿದ್ದರು. ಅತ್ತೆ ಹಿತ್ತಲಲ್ಲಿ ಪೂಜೆ ಸಾಮಾನು ತೊಳೆಯುತ್ತಿದ್ದರು. ನಾನು ಕಣ್ಣಿಟ್ಟೇ ಇದ್ದೆ. ಚೊಂಬು, ದೀಪಗಳಿಗೆ ಬರೀ ಹುಣಸೆಹಣ್ಣು. ಪದಕಕ್ಕೆ ಮಾತ್ರ ಇಟ್ಟಿಗೆ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ಹಲ್ಲು ಕಚ್ಚಿ ಉಜ್ಜುತ್ತಿದ್ದರು.

“ಅತ್ತೆ, ಏನ್ಮಾಡ್ತಿದೀರಾ?”

“ಲಕ್ಷ್ಮಿಗೆ ಗಡ್ಡ ಇರ್ತದೇನೇ? ಈ ಮನೆಗೆ ಬಂದಾಗಿಂದ ಉಜ್ತಾನೇ ಇವ್ನಿ. ಮೀಸೆ ಬೇಗ ಹೋಯ್ತು. ಗಲ್ಲದತ್ರ ನೋಡು, ಇನ್ನೂ ಒಂಚೂರು ಐತೆ ಹಾಳಾದ್ದು.”

ಭಾವನನ್ನೂ ನನ್ನ ಗಂಡನನ್ನೂ ಕೂಗಿ ಕರೆದೆ. ಬಿಸಿಲಿಗೆ ಹಿಡಿದರೆ ಗಡ್ಡದ ಗೆರೆ ಸಣ್ಣಗೆ ಕಾಣುತ್ತಿತ್ತು.

“ಅವ್ವ, ಅವತ್ತೇ ಹೇಳ್ಬಾರ್ದಿತ್ತಾ?” ಭಾವ ಕೇಳಿದರು.

“ಬದ್ಲಾಯ್ಸವ್ರೆ ಅಂತ ನೀನೇ ಕೂಗಾಡ್ದೆ. ನನ್ನ ಯಾರ್ಲಾ ಕೇಳಿದ್ರು?”

ಹಿತ್ತಲಲ್ಲಿ ಕಂಬವಿರಲಿಲ್ಲ. ಭಾವ ಬಾವಿಕಟ್ಟೆಗೆ “ತಪ್ಪಾಯ್ತು” ಎಂದರು.

ನನ್ನ ಗಂಡ ಅತ್ತೆಯಿಂದ ಬೀಗದ ಕೈ ಇಸಿದುಕೊಂಡು ನನ್ನ ಮುಂದೆ ಹಿಡಿದರು. ನಾನು ಕೈ ಚಾಚಲಿಲ್ಲ. “ಈಗ ನೀವು ನಿಜ ಹೇಳಿ. ನಾನು ಕೊಟ್ಟೆ ಅಂತ ನಂಬಿದ್ರಾ?” ಎಂದೆ.

ಅವರು ಬೀಗದ ಕೈಯನ್ನು ಅತ್ತೆಗೇ ವಾಪಸ್ ಕೊಟ್ಟು ತೋಟದ ಕಡೆ ಹೊರಟರು. ಅತ್ತೆ ಇರುವವರೆಗೂ ಆ ಬೀಗದ ಕೈ ಅವರ ಸೊಂಟದಲ್ಲೇ ಇತ್ತು.