ಕುರುಗೋಡು ಗುಡ್ಡದ ಕಲ್ಲಂಗಡಿ

ಒಂದು ಕಲ್ಲಂಗಡಿ ಹಣ್ಣಿಗೆ ನಾನು ಗಾದಿಲಿಂಗನನ್ನು ಕೊಟ್ಟೆ. ಚೌಕಾಸಿ ಮಾಡಿ ಕೊಟ್ಟೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ದೆವ್ವ, ಗಾಳಿ ಎಂದವರನ್ನು ಕಂಡರೆ ನಗುತ್ತಿದ್ದವನು ನಾನು. ಬಳ್ಳಾರಿಯಲ್ಲಿ ನನ್ನದು ಹಳೇ ಗೋಣಿಚೀಲದ ವ್ಯಾಪಾರ. ಸಿರುಗುಪ್ಪದ ಅಕ್ಕಿ ಮಿಲ್ಲುಗಳಲ್ಲಿ ಮೂಟೆ ಹೊತ್ತು ಶುರು ಮಾಡಿದವನು. ಅಲ್ಲಿ ಕಲಿತ ವಿದ್ಯೆ ಒಂದೇ: ರೇಟು ಹೇಳಬೇಕು, ತಿರುಗಿ ನಡೆಯಬೇಕು. ಹತ್ತು ಹೆಜ್ಜೆಯೊಳಗೆ ಅವರೇ ಕರೆಯುತ್ತಾರೆ.

ನಾಲ್ಕು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಸಿರುಗುಪ್ಪದ ಕೆಲಸ ಬೇಗ ಮುಗಿಯಿತು. ನನ್ನ ಗೂಡ್ಸ್ ಆಟೋ ಓಡಿಸುತ್ತಿದ್ದವನು ಗಾದಿಲಿಂಗ, ಮೂಟೆ ಹೊತ್ತ ಕಾಲದ ಗೆಳೆಯ. ಕುರುಗೋಡಿನ ಬಳಿ ಬೋಳು ಗುಡ್ಡ ಕಂಡಿತು. ಒಂದು ತಾಸಿನಲ್ಲಿ ಹತ್ತಿ ಇಳಿಯೋಣ ಎಂದದ್ದು ನಾನೇ. ಆಗ ಹನ್ನೊಂದು ಗಂಟೆ. ಬಾಟಲಿಯಲ್ಲಿ ನೀರಿರಲಿಲ್ಲ. ಕಾಲಲ್ಲಿ ಹವಾಯಿ ಚಪ್ಪಲಿ. ಬಂಡೆ ಮೇಲೆ ಬಿದ್ದು ಒಡೆದೀತೆಂದು ಇಬ್ಬರ ಮೊಬೈಲನ್ನೂ ಗಾಡಿಯಲ್ಲೇ ಬಿಟ್ಟೆ.

ಬುಡದ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಎರಡು ಕಲ್ಲಂಗಡಿ ಇಟ್ಟುಕೊಂಡು ಕೂತಿದ್ದಳು. ಒಂದರ ದುಡ್ಡಿಗೆ ಎರಡನ್ನೂ ಕೇಳಿದೆ.

"ಒಂದರ ರೊಕ್ಕಕ್ಕ ಒಂದೇ ಬರ್ತೈತಿ ಯಪ್ಪಾ."

ತಿರುಗಿ ನಡೆದೆ. ಗಾದಿಲಿಂಗ ತೋಳು ಜಗ್ಗಿದ. "ತಗೋಳಲೇ, ಬಾಯಿ ಒಣಗೈತಿ."

"ಸುಮ್ನ ಬಾ. ಕರೀತಾಳ ನೋಡು."

ಹತ್ತು ಹೆಜ್ಜೆಯಾಯಿತು, ಇಪ್ಪತ್ತಾಯಿತು. ಕರೆಯಲಿಲ್ಲ. ವಾಪಸು ಹೋಗಲು ನನಗೆ ನಾಚಿಕೆ.

ಇಳಿಯುವಾಗ ದಾರಿ ತಪ್ಪಿತು. ಎತ್ತ ನೋಡಿದರೂ ಅದೇ ಬಂಡೆ, ಅದೇ ಮುಳ್ಳುಕಂಟಿ. ಗಾದಿಲಿಂಗನ ಕಾಲು ಬಂಡೆಗಳ ಸಂದಿಗೆ ಸಿಕ್ಕಿ ತಿರುಚಿತು, ಊರಲು ಆಗಲಿಲ್ಲ. ಎರಡು ತಾಸು ಗೇಣಗಲ ನೆರಳಲ್ಲಿ ಕೂತೆವು. ಕೂಗೋಣವೆಂದರೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅವನಿಗೆ ಬೆವರೂ ನಿಂತುಹೋಗಿತ್ತು.

ಆಗ ಬೆನ್ನ ಹಿಂದೆ ಕೇಳಿಸಿತು. "ಬಾ ಯಪ್ಪಾ, ಒಂದು ಉಳದೈತಿ. ನಿನ್ನ ರೇಟಿಗೇ ಕೊಡ್ತೀನಿ."

ನನ್ನೊಬ್ಬನ ಭ್ರಮೆ ಎನ್ನಬೇಡಿ. ಗಾದಿಲಿಂಗ ಒಡೆದ ತುಟಿಯಲ್ಲೇ ನಕ್ಕ. "ಗೆದ್ದಿ ನೋಡಲೇ, ಮುದುಕಿ ಸೋತ್ಲು. ಓಡು, ನನಗೊಂದು ಚೂರು ತಾ."

ಓಡಿದೆ. ದನಿ ಸದಾ ಹತ್ತು ಹೆಜ್ಜೆ ಮುಂದಿತ್ತು. ನಾವು ಕಾಣದಿದ್ದ ಸಂದಿಯೊಂದರಿಂದ ಗಳಿಗೆಯಲ್ಲಿ ಬೇವಿನ ಮರಕ್ಕೆ ಬಂದಿದ್ದೆ. ಮುದುಕಿ ಇರಲಿಲ್ಲ. ಒಂದೇ ಒಂದು ಹಣ್ಣಿತ್ತು. ಕಲ್ಲಿಗೆ ಕುಕ್ಕಿ ಒಡೆದೆ. ಅರ್ಧ ಅವನಿಗೆ ಎಂದುಕೊಂಡೇ ತಿನ್ನತೊಡಗಿದ್ದು. ಕೊನೆಗೆ ಕೈಯಲ್ಲಿ ಸಿಪ್ಪೆ ಮಾತ್ರ ಇತ್ತು.

ಟ್ರ್ಯಾಕ್ಟರಿನವನೊಬ್ಬ ಸಿಕ್ಕ, ಅವನ ಜೊತೆ ನಾಲ್ಕು ಜನ ಬಂದರು. ನಾನು ಇಳಿದ ಸಂದಿ ಮಾತ್ರ ಸಿಗಲಿಲ್ಲ. ಗಾದಿಲಿಂಗ ಸಿಗುವಷ್ಟರಲ್ಲಿ ಹೊತ್ತು ವಾಲಿತ್ತು. ಮೈ ಇನ್ನೂ ಕಾದ ಹಂಚಿನಂತಿತ್ತು, ಜೀವ ಇರಲಿಲ್ಲ. ಬಾಯಿ ತೆರೆದೇ ಇತ್ತು.

ಮುದುಕಿಯ ವಿಷಯ ಹೇಳಿದಾಗ ಟ್ರ್ಯಾಕ್ಟರಿನವನು ನನ್ನನ್ನೇ ನೋಡಿದ. "ಆಕಿನ್ನ ಹನ್ನೊಂದೂವರಿಗೆ ನಾನ ಊರಿಗೆ ಬಿಟ್ಟೀನ್ರೀ ಸಾವ್ಕಾರ್ರ. ಎರಡೂ ಹಣ್ಣು ಆಕಿ ಉಡ್ಯಾಗ ಇದ್ವು."

ವಾರದ ಮೇಲೆ ಆಕೆಯನ್ನು ಹುಡುಕಿ ಕೇಳಿದೆ. "ನಾ ಯಾಕ ಕರೀಲಿ? ಹೊಳ್ಳಿ ಹೋದೋರ್ನ ನಾ ಕರಿಯಂಗಿಲ್ಲ," ಎಂದಳು.

ಹಾಗಾದರೆ ಯಾರ ದನಿ, ಯಾವ ಹಣ್ಣು? ಇವತ್ತಿಗೂ ಗೊತ್ತಿಲ್ಲ.

ಗೊತ್ತಿರುವುದಿಷ್ಟು. ನಮ್ಮ ಕಡೆಯ ಗುಡ್ಡ ಹತ್ತುವುದಿದ್ದರೆ ಬೆಳಕು ಹರಿಯುವಾಗಲೇ ಹೊರಡಿ, ಬಿಸಿಲೇರುವ ಮೊದಲು ಕೆಳಗಿರಿ. ಮೊಬೈಲು ಒಡೆದರೆ ಒಡೆಯಲಿ, ಜೇಬಿನಲ್ಲಿರಲಿ. ಬುಡದಲ್ಲಿ ನೀರೋ ಹಣ್ಣೋ ಮಾರುವವರು ಕೇಳಿದಷ್ಟು ಕೊಡಿ, ಅಲ್ಲಿ ಚೌಕಾಸಿ ಬೇಡ. ಇಷ್ಟರ ಮೇಲೂ ಸಿಕ್ಕಿಬಿದ್ದು, ನಿಮ್ಮ ರೇಟಿಗೇ ಒಪ್ಪಿ ಯಾರಾದರೂ ಕರೆದರೆ, ಜೊತೆಯವನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಇಳಿಯಿರಿ. ಕ್ವಿಂಟಾಲು ಮೂಟೆ ಹೊತ್ತವನು ನಾನು. ಗಾದಿಲಿಂಗ ಅದರ ಅರ್ಧವೂ ತೂಗುತ್ತಿರಲಿಲ್ಲ.